"ಕಾಫಿ ನೆನೀತಾ?"

ಲೋ ಮೇಷ್ಟ್ರೇ,

ಮೊನ್ನೆ ನನ್ನ ಮಗನ ತೊಟ್ಟಿಲ ಶಾಸ್ತ್ರಕ್ಕೆ ಬಂದು ಐದು ಹೋಳಿಗೆ ತಿಂದು, ಹೋಗುವಾಗ ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿ "ನೀನಿದ್ದದ್ದಕ್ಕೆ ಉಳಿದಳು ಕಣೋ" ಅಂದೆಯಲ್ಲ, ಅದಕ್ಕೆ ಉತ್ತರ ಇದು. ಹೊಗಳಿದ್ದು ಎಲ್ಲರ ಎದುರಿಗೆ. ಹಾಗಾಗಿ ಎಲ್ಲರಿಗೂ ಕಾಣುವ ಹಾಗೇ ಬರೆಯುತ್ತಿದ್ದೇನೆ. ಶಿರಾಡಿ ಘಾಟಿಯ ಬಾಳೆಗೊನೆ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ನನ್ನ ಹೆಂಡತಿಗೆ ಏನಾಗಿತ್ತು ಅಂತ ನೀನು ಮೂರು ಸಲ ಕೇಳಿದೆ. ಮೂರು ಸಲವೂ ನಾನು "ಏನೋ ರಕ್ತದ್ದು, ಲಿವರ್‌ದು" ಅಂತ ಹಾರಿಸಿದೆ. ಕಾಯಿಲೆಯ ಹೆಸರು ಹೆಲ್ಪ್. ದೇವರಾಣೆ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಿಪೋರ್ಟ್ ಹಿಡಿದುಕೊಂಡು ಬಂದು "ಇದು ಹೆಲ್ಪ್" ಅಂದರು. ನಾನು ಎದ್ದು ನಿಂತು "ಹೇಳಿ ಮೇಡಂ, ಏನು ಹೆಲ್ಪ್ ಬೇಕು?" ಅಂದೆ. ಅಂಥ ಹೊತ್ತಿನಲ್ಲೂ ನರ್ಸ್ ನಕ್ಕುಬಿಟ್ಟರು. ಇಂಗ್ಲಿಷ್ ಅಕ್ಷರ ಜೋಡಿಸಿ ಮಾಡಿದ ಹೆಸರು, ಮಧ್ಯೆ ಒಂದು ಎಲ್ ಜಾಸ್ತಿ, HELLP. 1982ರಲ್ಲಿ ಅಮೆರಿಕದ ಲೂಯಿಸ್ ವೈನ್‌ಸ್ಟೀನ್ ಅನ್ನುವ ಡಾಕ್ಟರ್ ಇಟ್ಟದ್ದು. ರಕ್ತದ ಕೆಂಪು ಕಣ ಒಡೆಯುತ್ತವೆ, ಲಿವರ್‌ಗೆ ಪೆಟ್ಟಾಗಿ ಅದರ ಎನ್‌ಜೈಮ್ ರಕ್ತದಲ್ಲಿ ಏರುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಇಳಿಯುತ್ತದೆ. ಮೂರೂ ಒಟ್ಟಿಗೆ. ಸಾವಿರ ಬಸುರಿಯರಲ್ಲಿ 5ರಿಂದ 9 ಜನಕ್ಕೆ ಬರುತ್ತದಂತೆ. ಕೆಲವರಿಗೆ ಹೆರಿಗೆ ಆದಮೇಲೂ ಬರುತ್ತದೆ. ಬಿಪಿ ಏರದೆಯೂ ಬರಬಹುದು.

ಪ್ಲೇಟ್ಲೆಟ್ ಅಂದರೆ ನಮ್ಮ ಕಡೆ ಡೆಂಗ್ಯೂ ತಾನೇ? ಒಂದೂವರೆ ಲಕ್ಷ ಇರಬೇಕಾದ್ದು ಅವಳಿಗೆ 42 ಸಾವಿರ ಇತ್ತು. ಸುದ್ದಿ ಕೇಳಿದ್ದೇ ಚಿಕ್ಕಪ್ಪ ಮೂರು ಸಲ ಫೋನ್ ಮಾಡಿ ಪರಂಗಿ ಎಲೆ ರಸ ಕುಡಿಸು ಅಂದರು. ಆಪರೇಷನ್ ಥಿಯೇಟರಿನಲ್ಲಿ ಇರುವವಳಿಗೆ! ಇನ್ನು ರಕ್ತ ಕೊಡಲು ಅಂತ ಓಡಿ ಬಂದು, ಸೂಜಿ ನೋಡಿಯೇ ತಲೆಸುತ್ತಿ, ಎರಡು ಗ್ಲಾಸ್ ಜ್ಯೂಸ್ ಕುಡಿದು ಹೋದ ಮಹಾನುಭಾವರ ಹೆಸರು ಇಲ್ಲಿ ಬೇಡ. ಮೇಷ್ಟ್ರು ಅಂದರೆ ಸಾಕು.

ನಗಿಸಿದ್ದು ಆಯಿತು. ಈಗ ಆ ರಾತ್ರಿಯ ವಿಷಯ.

ಡಿಸೆಂಬರ್. ಅವಳಿಗೆ 35 ವಾರ. ದೊಡ್ಡವಳ ಹೆರಿಗೆ ಸಲೀಸಾಗಿ ಆಗಿತ್ತು, ಹಾಗಾಗಿ ಈ ಸಲ ಯಾರಿಗೂ ಭಯವೇ ಇರಲಿಲ್ಲ. ಅರೇಬಿಕಾ ಕೊಯ್ಲು ಜೋರಾಗಿತ್ತು. ಕಣದ ತುಂಬ ಒಣಗಲು ಕಾಫಿ ಹರಡಿತ್ತು. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಎದ್ದವಳು ಬಲಗಡೆ ಪಕ್ಕೆಯ ಕೆಳಗೆ ಕೈ ಇಟ್ಟುಕೊಂಡು "ಇಲ್ಲಿ ಹಿಡಿದ ಹಾಗೆ ಆಗ್ತಿದೆ" ಅಂದಳು. "ಗ್ಯಾಸ್ಟ್ರಿಕ್" ಅಂದೆ. ನಮ್ಮ ಮನೆಯಲ್ಲಿ ಎದೆ ಉರಿದರೂ, ಬೆನ್ನು ಹಿಡಿದರೂ ಅದೇ ಅಲ್ವಾ? ಜೀರಿಗೆ ಕಷಾಯ ಕೊಟ್ಟೆ. ವಾಂತಿಯಾಯಿತು. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟೆ. ಅದೂ ವಾಂತಿಯಾಯಿತು. ತಲೆನೋವು ಅಂದಳು. ಹನ್ನೆರಡರ ಮೇಲೆ ಇನ್ನೊಂದು ಹೇಳಿದಳು, "ಕಣ್ಣೆದುರು ಮಿಣುಕು ಹುಳ ಹಾರಿದ ಹಾಗೆ ಕಾಣ್ತಿದೆ." ನಾನು "ನಿದ್ದೆ ಇಲ್ಲದ್ದಕ್ಕೆ, ಸುಮ್ನೆ ಮಲಗು" ಅಂದೆ.

ಅದು ಹೊಟ್ಟೆಯ ನೋವೇ ಅಲ್ಲವಂತೆ, ಮಾರಾಯ. ಸಣ್ಣ ಸಣ್ಣ ರಕ್ತನಾಳಗಳ ಒಳಗೋಡೆ ಕೆಡುತ್ತದೆ. ಅಲ್ಲಿ ಪ್ಲೇಟ್ಲೆಟ್ ಹೋಗಿ ಅಂಟಿಕೊಂಡು ಖರ್ಚಾಗುತ್ತವೆ. ಆ ಇಕ್ಕಟ್ಟಿನಲ್ಲಿ ನುಸುಳುವಾಗ ಕೆಂಪು ಕಣ ಚೂರಾಗುತ್ತವೆ. ಲಿವರ್‌ಗೆ ರಕ್ತ ಸರಿಯಾಗಿ ಹೋಗದೆ ಅದು ಊದಿಕೊಂಡು, ಮೇಲಿನ ಪೊರೆ ಬಿಗಿಯುತ್ತದೆ. ಅವಳು ಪಕ್ಕೆಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದು ಅದನ್ನು. ಅದಕ್ಕೆ ನಾನು ಜೀರಿಗೆ ಕುದಿಸುತ್ತಿದ್ದೆ.

ಇಷ್ಟು ಹೇಳಿ ನಿಲ್ಲಿಸಬೇಕು ಅಂದುಕೊಂಡಿದ್ದೆ. ಗೊತ್ತಿಲ್ಲದೆ ಆದದ್ದು, ಯಾರಿಗಾದರೂ ಆಗಬಹುದು ಅಂತ.

ಮೂರು ಗಂಟೆಗೆ ಹಂಚಿನ ಮೇಲೆ ಹನಿ ಬಿದ್ದ ಸದ್ದಾಯಿತು. ಆಗ ಅವಳು ಎಚ್ಚರ ಇದ್ದಳು, ನರಳುತ್ತಿದ್ದಳು. ನಾನು ಎದ್ದೆ. ಎದ್ದು ಹೋದದ್ದು ಕಣಕ್ಕೆ. ಲೈನ್ ಮನೆಯ ಆಳುಗಳನ್ನು ಎಬ್ಬಿಸಿ, ಕಾಫಿ ಗುಡ್ಡೆ ಮಾಡಿ, ಟಾರ್ಪಾಲ್ ಎಳೆದು, ಅಂಚಿಗೆ ಕಲ್ಲು ಹೇರಿ ಬರುವಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ವಾಪಸ್ ಬಂದಾಗ ಜಗುಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಮುಖ ಊದಿತ್ತು. ನನ್ನನ್ನು ನೋಡಿ "ಕಾಫಿ ನೆನೀತಾ?" ಅಂದಳು.

ಅಷ್ಟಾದರೂ ಜೀಪ್ ತೆಗೆ ಅಂದದ್ದು ನಾನಲ್ಲ. ಅವ್ವ ಎದ್ದು ಬಂದು ಅವಳ ಮುಖ ನೋಡಿ ನನಗೆ ಬೈದಳು. "ಬಸುರಿಗೆ ಎಂತ ಗ್ಯಾಸ್ಟ್ರಿಕ್ಕೋ ನಿಂದು?"

ಆಮೇಲಿನದು ನಿನಗೆ ಗೊತ್ತಿರುವ ಕಥೆ. ಎಲ್ಲರಿಗೂ ಗೊತ್ತಿರುವ ಕಥೆ. ಮೂಡಿಗೆರೆಯಲ್ಲಿ ಬಿಪಿ 160/110 ಬಂತು, ಕೂಡಲೇ ಹಾಸನಕ್ಕೆ ಹೋಗಿ ಅಂದರು. ಮಂಜಿನಲ್ಲಿ ಬೇಲೂರು, ಹಗರೆ ದಾಟಿದ್ದು, ಹಾರ್ನ್ ಮೇಲಿಂದ ಕೈ ತೆಗೆಯದೆ ಓಡಿಸಿದ್ದು. ಮಾವ ಈ ಕಥೆ ಹೇಳುವಾಗ ಪ್ರತಿ ಸಲ ಐದು ನಿಮಿಷ ಕಡಿಮೆ ಮಾಡುತ್ತಾರೆ. ಮುಂದಿನ ಯುಗಾದಿಗೆ ನಾನು ಹೊರಡುವ ಮೊದಲೇ ಹಾಸನ ತಲುಪಿರುತ್ತೇನೆ. ಆದರೆ ಆ ಕಥೆ ಶುರುವಾಗುವುದು ಜೀಪಿನಿಂದ. ಒಂಬತ್ತು ಗಂಟೆಯಿಂದ ಯಾರೂ ಶುರು ಮಾಡುವುದಿಲ್ಲ, ನಾನೂ ಮಾಡಿಲ್ಲ.

ಇನ್ನೊಂದು ಇದೆ. ಡಾಕ್ಟರಮ್ಮ "ನೋವು ಯಾವಾಗಿಂದ?" ಅಂತ ಕೇಳಿದಾಗ "ಬೆಳಗಿನ ಜಾವದಿಂದ" ಅಂದೆ. ಬಾಯಿಗೆ ತಾನಾಗಿ ಬಂತು. ಸ್ಟ್ರೆಚರ್ ಮೇಲಿದ್ದವಳು ಕಣ್ಣು ಮುಚ್ಚಿಕೊಂಡೇ "ರಾತ್ರಿ ಒಂಬತ್ತಕ್ಕೆ" ಅಂದಳು. ಡಾಕ್ಟರ್ ಬರೆದುಕೊಂಡರು. ನನ್ನ ಮುಖ ನೋಡಲಿಲ್ಲ.

ಮಾಸು ಹೊರಗೆ ಬರುವ ತನಕ ಇದು ಇಳಿಯುವ ಕಾಯಿಲೆ ಅಲ್ಲ ಅಂದರು. ಪ್ಲೇಟ್ಲೆಟ್ ಕಡಿಮೆ ಇರುವಾಗ ಮರಗಟ್ಟಿಸಲು ಬೆನ್ನಿಗೆ ಚುಚ್ಚಿದರೆ ಒಳಗೆ ರಕ್ತ ಸೋರಬಹುದು, ಅದಕ್ಕೇ ಪೂರ್ತಿ ಪ್ರಜ್ಞೆ ತಪ್ಪಿಸಿ ಸಿಸೇರಿಯನ್ ಮಾಡಿದರು. ಮಗ 2 ಕೆಜಿ 100 ಗ್ರಾಂ. ಅವಳಿಗೆ ಫಿಟ್ಸ್ ಬರಬಾರದು ಅಂತ ಮೆಗ್ನೀಷಿಯಂ ಡ್ರಿಪ್ ಹಾಕಿದರು, ಮೈಯೆಲ್ಲ ಉರಿ ಅಂತ ಒದ್ದಾಡಿದಳು. ನರ್ಸ್ ಆಗಾಗ ಬಂದು ಸಣ್ಣ ಸುತ್ತಿಗೆಯಲ್ಲಿ ಮಂಡಿ ತಟ್ಟಿ ನೋಡುತ್ತಿದ್ದರು. ಔಷಧ ಜಾಸ್ತಿಯಾದರೆ ಕಾಲು ಚಿಮ್ಮುವುದು ನಿಲ್ಲುತ್ತದಂತೆ. ಮೂತ್ರದ ಚೀಲದಲ್ಲಿ ಡಿಕಾಕ್ಷನ್ ಬಣ್ಣ. ಅದನ್ನು ನೋಡುತ್ತಾ ಕೂತಿದ್ದೆ. ಮಾರನೆಯ ದಿನ ಪ್ಲೇಟ್ಲೆಟ್ ಇನ್ನೂ ಇಳಿಯಿತು, ಮೂರನೆಯ ದಿನ ಏರಲು ಶುರುವಾಯಿತು.

ಆ ಎಂಟು ಗಂಟೆ ಮೊದಲೇ ಬಂದಿದ್ದರೆ ಏನಾದರೂ ವ್ಯತ್ಯಾಸ ಆಗುತ್ತಿತ್ತಾ ಅಂತ ಡಿಸ್ಚಾರ್ಜ್ ದಿನ ಕೇಳಬಹುದಿತ್ತು. ಔಷಧದ ಚೀಟಿ ಹಿಡಿದು ಅವರ ಬಾಗಿಲಲ್ಲಿ ನಿಂತೂ ಇದ್ದೆ. ಕೇಳಲಿಲ್ಲ.

ಸಾಕು ಬಿಡು. ಇಷ್ಟುದ್ದ ಬರೆದದ್ದು ಪಿಯುಸಿಯ ಕನ್ನಡ ಪೇಪರ್ ಬಿಟ್ಟರೆ ಇದೇ ಮೊದಲು, ಅದರಲ್ಲೂ ಅರ್ಧ ನಿನ್ನದೇ ನೋಡಿ ಬರೆದದ್ದು. ಹಾಕುವ ಮೊದಲು ಅವಳಿಗೆ ಓದಿ ಹೇಳಿದೆ. ಮಗುವನ್ನು ತಟ್ಟುತ್ತಾ ಪೂರ್ತಿ ಕೇಳಿದಳು. "ಟಾರ್ಪಾಲ್ ಹರಿದಿತ್ತು, ಹೊಸದು ತನ್ನಿ ಅಂತ ನವೆಂಬರ್‌ನಲ್ಲೇ ಹೇಳಿದ್ದೆ, ಅದನ್ನು ಬರೆದಿಲ್ಲ" ಅಂದಳು.

ಈಗ ಮೆಣಸು ಕೊಯ್ಲು ನಡೆಯುತ್ತಿದೆ. ಭಾನುವಾರ ಬರುವಾಗ ಹಾಸನದಿಂದ ಒಂದು ಟಾರ್ಪಾಲ್ ತಾ. ದೊಡ್ಡದು. ದುಡ್ಡು ಬಾಳೆಗೊನೆ ಲೆಕ್ಕದಲ್ಲಿ ಮುರಿದುಕೋ.

ನಿನ್ನ,
ಜೀಪ್ ಡ್ರೈವರ್