ಎಲ್‌ಪಿಜಿ ಕಿಟ್ ಕಂಪನಿಗೆ ನಾಡದೋಣಿ ಮಾಲೀಕನ ದೂರು ಪತ್ರ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಔಟ್‌ಬೋರ್ಡ್ ಇಂಜಿನ್ ಎಲ್‌ಪಿಜಿ ಕಿಟ್ ತಯಾರಕರು, ಬೆಂಗಳೂರು

ಇವರಿಂದ:
ನಾಡದೋಣಿ ಮಾಲೀಕ, ಗಂಗೊಳ್ಳಿ, ಉಡುಪಿ ಜಿಲ್ಲೆ

ವಿಷಯ: ನಿಮ್ಮ ಕಿಟ್ ಹಾಕಿದ ಇಂಜಿನ್ ಕಡಲಿನಲ್ಲಿ ಜಾಮ್ ಆದದ್ದು, ವಾರಂಟಿ ಇಲ್ಲವೆಂದದ್ದು, ನಿಮ್ಮ ಸರ್ವಿಸ್ ಸೆಂಟರಿನಲ್ಲಿ ನನ್ನನ್ನು ಕಳ್ಳನ ಹಾಗೆ ನಡೆಸಿಕೊಂಡದ್ದು.

ಮಾನ್ಯರೇ,

ಫೋನಿನಲ್ಲಿ ಹೇಳುವುದೆಲ್ಲ ಹೇಳಿ ಆಯಿತು. ನಿಮ್ಮ ಟೋಲ್ ಫ್ರೀ ನಂಬರಿನವರು ಪ್ರತಿ ಸಲವೂ ಹೊಸ ದೂರು ಸಂಖ್ಯೆ ಕೊಡುತ್ತಾರೆ. ಹಳೆಯ ಸಂಖ್ಯೆ ಹೇಳಿದರೆ "ಅದು ಕ್ಲೋಸ್ ಆಗಿದೆ ಸರ್" ಎನ್ನುತ್ತಾರೆ. ಯಾರು ಬಂದು ನೋಡಿದರು, ಏನು ರಿಪೇರಿ ಮಾಡಿ ಕ್ಲೋಸ್ ಮಾಡಿದರು ಎಂದು ಕೇಳಿದರೆ ಲೈನ್ ಕಟ್ ಆಗುತ್ತದೆ. ಆದ್ದರಿಂದ ಇನ್ನು ಕಾಗದದಲ್ಲಿ ಬರೆದು, ಸ್ಪೀಡ್ ಪೋಸ್ಟಿನ ರಸೀದಿ ಇಟ್ಟುಕೊಂಡು ಮಾತಾಡುತ್ತೇನೆ.

ನನ್ನದು 9.9 ಎಚ್‌ಪಿ ಟೂ ಸ್ಟ್ರೋಕ್ ಸೀಮೆಎಣ್ಣೆ ಇಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಓಡಿಸುವುದು ಈ ಕರಾವಳಿಯ ರೂಢಿ. ಸಬ್ಸಿಡಿ ಸೀಮೆಎಣ್ಣೆ ಹೊತ್ತಿಗೆ ಬರುವುದಿಲ್ಲ, ಬಂದದ್ದು ಸಾಲುವುದಿಲ್ಲ, ಹೊರಗೆ ಕೊಳ್ಳಹೋದರೆ ಹಿಡಿದ ಮೀನೆಲ್ಲ ಎಣ್ಣೆಗೇ ಸರಿಹೋಗುತ್ತದೆ. ನಮ್ಮ ಈ ಕಷ್ಟ ತಿಳಿದೇ ನಿಮ್ಮ ಮಾರಾಟದವರು ಬಂದರಿಗೆ ಬಂದು, ಮೇಜು ಹಾಕಿ, ಬ್ಯಾನರ್ ಕಟ್ಟಿ, ಈ ಕಿಟ್ ಹಾಕಿ ಅದೇ ಇಂಜಿನನ್ನು ಗ್ಯಾಸಿನಲ್ಲಿ ಓಡಿಸಿ, ಗ್ಯಾಸಿನಲ್ಲಿ ಹೊಗೆಯಿಲ್ಲ, ಪ್ಲಗ್ಗಿಗೆ ಮಸಿ ಹಿಡಿಯುವುದಿಲ್ಲ, ಖರ್ಚೂ ಕಡಿಮೆ ಎಂದರು. ನಾನು ನಂಬಿದೆ. ಗ್ಯಾಸಿನ ಮೇಲೆ ನನಗೆ ಇವತ್ತಿಗೂ ತಕರಾರಿಲ್ಲ. ಸರಿಯಾಗಿ ಜೋಡಿಸಿದರೆ ನಾಡದೋಣಿಗೆ ಅದಕ್ಕಿಂತ ಒಳ್ಳೆಯ ಇಂಧನ ಇಲ್ಲ ಎಂದೇ ಈಗಲೂ ಹೇಳುತ್ತೇನೆ. ನನ್ನ ತಕರಾರು ನಿಮ್ಮ ಜೋಡಣೆಯ ಮೇಲೆ.

ನಿಮ್ಮವರು ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ತೋರಿಸಿ, ಅಲ್ಲಿ 2012ರ ಹೊತ್ತಿಗೇ ಪ್ರೊಪೇನ್ ಗ್ಯಾಸಿನಲ್ಲಿ ಓಡುವ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಕಟ್ಟುವ ಇಂಜಿನ್, ಮಾರಾಟಕ್ಕೆ ಬಂದಿತ್ತು ಎಂದಿದ್ದರು. ನಿಜ. ಆದರೆ ಲೆಹ್ರ್ ಕಂಪನಿಯ ಆ ಮೋಟಾರುಗಳು ಫೋರ್ ಸ್ಟ್ರೋಕ್, ಆಯಿಲ್ ಇಂಜಿನಿನ ಒಳಗೇ ಬೇರೆಯಾಗಿ ಇರುತ್ತದೆ. ನಮ್ಮ ಟೂ ಸ್ಟ್ರೋಕಿನಲ್ಲಿ ಆಯಿಲನ್ನು ಸೀಮೆಎಣ್ಣೆಯ ಜೊತೆ ಬೆರೆಸಿಯೇ ಹಾಕಬೇಕು. ಪಿಸ್ಟನ್ನಿಗೂ ಬೇರಿಂಗಿಗೂ ತೇವ ಸಿಗುವುದೇ ಅದರಿಂದ. ಗ್ಯಾಸಿಗೆ ಆಯಿಲ್ ಬೆರೆಸಲು ಆಗುವುದಿಲ್ಲ. ಅದಕ್ಕೇ ನಿಮ್ಮ ಕಿಟ್ಟಿನಲ್ಲಿ ಬೇರೆ ಆಯಿಲ್ ಡಬ್ಬಿ, ಚಿಕ್ಕ ಪಂಪು, ಆಯಿಲ್ ನಿಂತರೆ ಗ್ಯಾಸನ್ನೂ ನಿಲ್ಲಿಸುವ ಸೆನ್ಸರು ಇವೆ. ನಿಮ್ಮ ಪುಸ್ತಕದಲ್ಲಿ ಚಿತ್ರ ಸಮೇತ ಅಚ್ಚು ಹಾಕಿದ್ದೀರಿ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಜುಲೈ ತಿಂಗಳಲ್ಲಿ ಅಳಿವೆ ಬಾಗಿಲು ದಾಟಿ ಸ್ವಲ್ಪ ದೂರದಲ್ಲಿ ಇಂಜಿನ್ ಒಮ್ಮೆ ಕಿರುಗುಟ್ಟಿ ನಿಂತಿತು. ಹಗ್ಗ ಎಳೆದರೆ ಅಲುಗಲಿಲ್ಲ. ಮಳೆಗಾಲದ ಕಡಲು, ದೋಣಿ ಅಲೆಗೆ ಅಡ್ಡ ತಿರುಗುತ್ತಿತ್ತು. ಹುಟ್ಟು ಹಾಕಿ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದುಕೊಂಡೆವು. ಹಿಂದಿದ್ದ ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಅವರು ತಮ್ಮ ಆ ದಿನದ ಬಲೆ ಬಿಟ್ಟು ಬಂದವರು.

ದಡದಲ್ಲಿ ಊರಿನ ಮೆಕ್ಯಾನಿಕ್ ಹೆಡ್ ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಪಿಸ್ಟನ್ನಿನ ಮೈ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರುಗಳು. ಆಯಿಲ್ ಡಬ್ಬಿಯಲ್ಲಿ ಆಯಿಲ್ ಇತ್ತು, ಇಳಿದಿರಲಿಲ್ಲ. ಪಂಪಿನ ಟರ್ಮಿನಲ್ ಮಾಮೂಲಿ ಕಬ್ಬಿಣದ್ದು, ಉಪ್ಪು ತಿಂದು ಮುಟ್ಟಿದರೆ ಕೆಂಪು ಪುಡಿಯಾಗಿ ಉದುರಿತು. ಸ್ಟೀಲ್ ಸ್ಕ್ರೂ ಸಹ ಹಾಕದೆ ಕಡಲಿಗೆ ಕಳಿಸಿದ್ದೀರಿ. ಇಷ್ಟೇ ಆಗಿದ್ದರೆ ಮಾಲು ಕಳಪೆ ಎಂದು ಸುಮ್ಮನಾಗುತ್ತಿದ್ದೆ. ಆದರೆ ಆ ಸೆನ್ಸರಿನ ವಯರು? ಅದರ ತುದಿಗೆ ಕಪ್ಪು ಟೇಪ್ ಸುತ್ತಿ ಬ್ರಾಕೆಟ್ಟಿನ ಹಿಂದೆ ತುರುಕಿ ಇಟ್ಟಿದ್ದರು. ಅದನ್ನು ಎಲ್ಲಿಗೂ ಜೋಡಿಸಿರಲೇ ಇಲ್ಲ. ಕಿಟ್ ಕೂರಿಸಿದ್ದು ನಿಮ್ಮ ಟೆಕ್ನೀಷಿಯನ್. ಜಾಬ್ ಕಾರ್ಡಿನಲ್ಲಿ "ಸೇಫ್ಟಿ ಕಟ್ ಆಫ್ ಪರೀಕ್ಷಿಸಲಾಗಿದೆ" ಎಂಬಲ್ಲಿ ಟಿಕ್ ಹಾಕಿ ಸಹಿ ಮಾಡಿದ್ದೂ ಅವರೇ.

ನಿಮ್ಮ ಪುಸ್ತಕದ ಪ್ರಕಾರ ಗ್ಯಾಸ್ ಸೋರಿದರೂ ಮುಚ್ಚಿಕೊಳ್ಳಬೇಕಾದದ್ದು ಆ ಕಟ್ ಆಫ್ ವಾಲ್ವೇ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ಕಿಟಕಿ ತೆರೆದು ಹೊರಗೆ ಹೋಗಲು ಬಿಡಬಹುದು. ದೋಣಿ ಬಾಣಲೆಯ ಹಾಗೆ, ತಳಕ್ಕೆ ಇಳಿದ ಗ್ಯಾಸ್ ಅಲ್ಲೇ ಕೂರುತ್ತದೆ, ನಮ್ಮ ಕಾಲ ಬುಡದಲ್ಲಿ. ನಾಲ್ಕು ಜನ ಅದರ ಮೇಲೆ ನಿಂತು ಬಲೆ ಎಳೆಯುತ್ತೇವೆ.

ಇನ್ನು ನಿಮ್ಮ ಮಂಗಳೂರಿನ ಸರ್ವಿಸ್ ಸೆಂಟರಿನ ವಿಷಯ. ಇದನ್ನು ಪೂರ್ತಿ ಬರೆಯುತ್ತೇನೆ, ನೀವು ಪೂರ್ತಿ ಓದಬೇಕು.

ಪಿಸ್ಟನ್, ಪಂಪು, ಆ ವಯರು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬೆಳಗ್ಗಿನ ಬಸ್ಸಿಗೆ ಹೋಗಿದ್ದೆ. ಅಲ್ಲಿ ಆಟೋದವರ ಸಾಲು. ನಿಮ್ಮವರು ರಿಕ್ಷಾಗಳಿಗೂ ಕಿಟ್ ಹಾಕುತ್ತಾರಲ್ಲ. ಕೌಂಟರಿನ ಹುಡುಗ ತಲೆ ಎತ್ತದೆ, "ಗಾಡಿ ನಂಬರ್ ಹೇಳಿ" ಎಂದ.

"ಗಾಡಿ ಅಲ್ಲ, ದೋಣಿ" ಎಂದೆ.

"ಆರ್‌ಸಿ ಕೊಡಿ."

"ದೋಣಿಗೆ ಆರ್‌ಸಿ ಎಲ್ಲಿಂದ ತರ್ಲಿ ಮಾರಾಯ್ರೆ? ಮೀನುಗಾರಿಕೆ ಇಲಾಖೆಯ ನೋಂದಣಿ ಪತ್ರ ಉಂಟು, ನಿಮ್ಮ ಬಿಲ್ ಉಂಟು, ಜಾಬ್ ಕಾರ್ಡ್ ಉಂಟು."

"ಸಿಸ್ಟಮ್ಮಲ್ಲಿ ಗಾಡಿ ನಂಬರ್ ಹಾಕದೆ ಮುಂದೆ ಹೋಗಲ್ಲ. ಗಾಡಿ ತಂದು ತೋರಿಸಿ."

ದೋಣಿಯನ್ನು ಹೆದ್ದಾರಿಯಲ್ಲಿ ಎಳೆದುಕೊಂಡು ಬರಬೇಕೆ ಎಂದು ಕೇಳಿದೆ. ಹಿಂದಿದ್ದವರು ನಕ್ಕರು. ಅಷ್ಟರಲ್ಲಿ ಒಳಗಿಂದ ಮೇಲ್ವಿಚಾರಕರು ಬಂದರು. ಚೀಲ ನೋಡಿ, ಮೂಗಿಗೆ ಕೈ ಅಡ್ಡ ಹಿಡಿದು, "ಇದನ್ನ ಹೊರಗಿಡಿ, ಕಸ್ಟಮರ್ಸ್ ಇದ್ದಾರೆ" ಎಂದರು. ಹಾಗಾದರೆ ನಾನು ಯಾರು? ದುಡ್ಡು ಕೊಟ್ಟು ಕಿಟ್ ಕೊಂಡವನು ಕಸ್ಟಮರ್ ಅಲ್ಲವೆ? ಚೀಲವನ್ನು ಹೊರಗೆ ಜಗುಲಿಯ ಮೇಲೆ ಇಟ್ಟೆ. ಮಧ್ಯಾಹ್ನ ಊಟಕ್ಕೆ ಶಟರ್ ಅರ್ಧ ಎಳೆಯುವವರೆಗೂ ಅದರ ಪಕ್ಕದಲ್ಲೇ ನಿಂತಿದ್ದೆ.

ಊಟ ಮುಗಿಸಿ ಬಂದವರು ಪಿಸ್ಟನ್ ಕೈಯಲ್ಲಿ ಹಿಡಿಯಲಿಲ್ಲ. ಟೇಪ್ ಸುತ್ತಿದ ವಯರು ತೋರಿಸಿದರೆ ಅತ್ತ ನೋಡಲೂ ಇಲ್ಲ. ಎಲ್ಲರಿಗೂ ಕೇಳುವ ಹಾಗೆ ಅವರು ಹೇಳಿದ ಮಾತು ಇದು: "ನಿಮ್ಮ ಮೀನುಗಾರರದ್ದು ನಮಗೆ ಗೊತ್ತಿಲ್ವಾ? ಮನೆ ಅಡುಗೆ ಸಿಲಿಂಡರ್ ಕಟ್ಕೊಂಡು ಹೋಗ್ತೀರಿ, ಆಮೇಲೆ ವಾರಂಟಿ ಕೇಳ್ತೀರಿ. ಕೇಸ್ ಹಾಕಿಸಿದರೆ ಒಳಗೆ ಹೋಗ್ತೀರಿ." ಆಟೋದವರೆಲ್ಲ ನನ್ನ ಮುಖ ನೋಡಿದರು. ಮೇಲ್ವಿಚಾರಕರಿಗೆ ನನ್ನ ಮಗನ ವಯಸ್ಸು.

14.2 ಕೆಜಿಯ ಕೆಂಪು ಸಿಲಿಂಡರನ್ನು ಮನೆ ಅಡುಗೆ ಬಿಟ್ಟು ಬೇರೆಯದಕ್ಕೆ ಬಳಸಬಾರದು ಎಂಬ ಕಾನೂನು ನಿಮಗಿಂತ ಮೊದಲೇ ನನಗೆ ಗೊತ್ತು. ಮೊದಲ ದಿನದಿಂದ ನಾನು ತಂದದ್ದು 19 ಕೆಜಿಯ ವಾಣಿಜ್ಯ ಸಿಲಿಂಡರ್. ಪ್ರತಿಯೊಂದಕ್ಕೂ ಏಜೆನ್ಸಿಯ ಜಿಎಸ್‌ಟಿ ಬಿಲ್ ಇದೆ. ಅದನ್ನು ನಿಲ್ಲಿಸಿಯೇ ಕಟ್ಟಿದ್ದೆವು. ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ ಎಂದು ನಿಮ್ಮ ಪುಸ್ತಕವೇ ಹೇಳುತ್ತದೆ. ಅಲ್ಲ ಸ್ವಾಮಿ, ಸಿಲಿಂಡರ್ ಕೆಂಪಿದ್ದರೇನು, ನೀಲಿಯಿದ್ದರೇನು? ಆಯಿಲ್ ಪಂಪಿನ ತುಕ್ಕಿಗೂ ಜೋಡಿಸದ ವಯರಿಗೂ ಸಿಲಿಂಡರಿನ ಬಣ್ಣಕ್ಕೂ ಏನು ಸಂಬಂಧ? ನಿಮ್ಮ ತಪ್ಪು ಮುಚ್ಚಲು ಒಂದು ಊರಿನ ಜನರನ್ನೇ ಕಳ್ಳರೆನ್ನುವುದು ಯಾವ ಕಲಮಿನಲ್ಲಿದೆ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಅವಕಾಶ. ಟ್ರಾಲ್ ಬೋಟುಗಳು ದಡ ಸೇರಿರುವ ಆ ಎರಡು ತಿಂಗಳಲ್ಲೇ ನಮ್ಮ ವರ್ಷದ ಸಾಲ ತೀರಬೇಕು. ತೂಫಾನ್ ಎದ್ದು ಸಿಗಡಿ ಬಂದ ವಾರಗಳಲ್ಲಿ ನನ್ನ ದೋಣಿ ಟಾರ್ಪಾಲ್ ಹೊದ್ದು ಮರಳಿನ ಮೇಲಿತ್ತು. ನನ್ನ ಜೊತೆಯವರು ಬೇರೆಯವರ ದೋಣಿಗೆ ಹೋದರು, ಅವರಿಗೂ ಹೊಟ್ಟೆ ಇದೆ.

ಕಿಟ್ಟಿನ ಪೂರ್ತಿ ಹಣ, ಇಂಜಿನ್ ರಿಪೇರಿಯ ಖರ್ಚು, ಮಳೆಗಾಲದ ದುಡಿಮೆಯ ನಷ್ಟ, ಮೇಲ್ವಿಚಾರಕರಿಂದ ಲಿಖಿತ ಕ್ಷಮಾಪಣೆ, ಇವು ನನಗೆ ಬೇಕು. ಹದಿನೈದು ದಿನ ಕಾಯುತ್ತೇನೆ.

"ದೋಣಿ ವ್ಯಾಪಾರಕ್ಕೆ, ನೀವು ಗ್ರಾಹಕರ ಕೋರ್ಟಿಗೆ ಹೋಗಲು ಬರುವುದಿಲ್ಲ" ಎಂದು ನಿಮ್ಮ ಟೋಲ್ ಫ್ರೀಯವರು ಹೇಳಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆರೆದು ಓದಲಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು ಅದರಲ್ಲೇ ಬರೆದಿದೆ. ದೋಷವಿರುವ ಮಾಲು ಮಾರಿದ ತಯಾರಕನ ಹೊಣೆಯೂ ಅದರಲ್ಲಿದೆ. ಕೊಂಡ ಬೆಲೆ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ವಕೀಲರ ಹತ್ತಿರ ಮಾತಾಡಿ ಆಗಿದೆ.

ಅದು ಒಂದು ಕಡೆ. ಆ ವಯರಿನ ಫೋಟೊ, ಜಾಬ್ ಕಾರ್ಡಿನ ಪ್ರತಿ ಎರಡೂ ಮೀನುಗಾರಿಕೆ ಇಲಾಖೆಗೂ ಗ್ಯಾಸ್, ಸ್ಫೋಟಕಗಳ ಸುರಕ್ಷತೆ ನೋಡುವ ನಾಗಪುರದ ಪೆಸೊ ಕಚೇರಿಗೂ ಹೋಗುತ್ತವೆ. ಈ ಬಂದರಿನಲ್ಲಿ ನಿಮ್ಮ ಕಿಟ್ ಹಾಕಿಸಿಕೊಂಡ ಪ್ರತಿ ದೋಣಿಯ ಬ್ರಾಕೆಟ್ಟಿನ ಹಿಂದೆ ಟಾರ್ಚ್ ಹಾಕಿ ನೋಡಲು ಹೇಳಿದ್ದೇನೆ. ಇನ್ನೂ ಇಬ್ಬರ ಇಂಜಿನಿನಲ್ಲಿ ಅದೇ ಕಪ್ಪು ಟೇಪ್ ಸಿಕ್ಕಿದೆ. ಅವರೂ ಸಹಿ ಹಾಕುತ್ತಾರೆ. ಮಲ್ಪೆಯಲ್ಲೋ ಭಟ್ಕಳದಲ್ಲೋ ಕಾರವಾರದಲ್ಲೋ ನೀವು ಮತ್ತೆ ಮೇಜು ಹಾಕಿದ ದಿನ ಆ ಪಿಸ್ಟನ್ ಹಿಡಿದುಕೊಂಡು ನಾನು ಅಲ್ಲಿಗೆ ಬರುತ್ತೇನೆ. ನಿಮ್ಮ ಬ್ಯಾನರಿನ ಪಕ್ಕದಲ್ಲೇ ನಿಂತು, ಕೇಳುವವರಿಗೆಲ್ಲ ತೋರಿಸುತ್ತೇನೆ. ಬೇಕಾದರೆ ಅಲ್ಲಿಗೂ ಪೊಲೀಸರನ್ನು ಕರೆಸಿ.

ಇಂತಿ,
ನೊಂದ ಗ್ರಾಹಕ

ಲಗತ್ತು: ಕಿಟ್ ಬಿಲ್, ಜಾಬ್ ಕಾರ್ಡ್, ಸಿಲಿಂಡರ್ ಬಿಲ್ಲುಗಳು, ಮೆಕ್ಯಾನಿಕ್ ಬರೆದುಕೊಟ್ಟ ವರದಿ, ಫೋಟೊಗಳು. ಎಲ್ಲವೂ ನಕಲು; ಮೂಲ ನನ್ನ ಹತ್ತಿರ ಇದೆ.