ಅಕ್ಕ, ನಿಮ್ಮ ಆ ಹತ್ತು ನಿಮಿಷಕ್ಕೆ

ಕಳೆದ ಶನಿವಾರ ನಮ್ಮ ತಾಲ್ಲೂಕಿನ ಕೊನೆಯ ತಂಡದ ತರಬೇತಿ ಮುಗಿಯಿತು. ಒಂದು ವರ್ಷದಲ್ಲಿ ಹನ್ನೊಂದು ತಂಡಗಳು: ಶುಶ್ರೂಷಕಿಯರು, ಸಮುದಾಯ ಆರೋಗ್ಯ ಅಧಿಕಾರಿಗಳು, ಆಶಾ ಕಾರ್ಯಕರ್ತೆಯರು. ಬೊಜ್ಜು ಇರುವವರನ್ನು ಅಳೆಯುವುದು, ಮಾತನಾಡಿಸುವುದು, ಕೈಬಿಡದೆ ನೋಡಿಕೊಳ್ಳುವುದು ಹೇಗೆ ಎಂಬುದೇ ವಿಷಯ. ಅಸಾಂಕ್ರಾಮಿಕ ರೋಗಗಳ ವಿಭಾಗದ ಶುಶ್ರೂಷಕಿಯಾಗಿ ಇದರ ಹೊಣೆ ನನ್ನ ಮೇಲಿತ್ತು. ಹೊತ್ತವರು ಮಾತ್ರ ಬಹಳ ಮಂದಿ.

ಮೈಸೂರಿನಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲೇ ಬಂದು ಹೋದ ನಮ್ಮ ಡಾಕ್ಟರರಿಗೆ ಮೊದಲ ನಮಸ್ಕಾರ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಚಿತ್ರವೊಂದನ್ನು ಅವರು ಪ್ರತಿ ತಂಡಕ್ಕೂ ತೋರಿಸುತ್ತಿದ್ದರು. ಪುಣೆಯ ಡಾ. ಯಾಜ್ಞಿಕ್, ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಒಂದೇ: 22.3. ಮೈಯೊಳಗಿನ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ಭಾರತೀಯರಿಗೆ ಬಿಎಂಐ 25 ಮುಟ್ಟಿದರೇ ಬೊಜ್ಜು ಎಂದೇಕೆ ಎಣಿಸುತ್ತಾರೆ, ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಎಂಬ ಗೆರೆ ಏಕೆ ಎಂಬುದು ಆ ಒಂದು ಚಿತ್ರದಿಂದ ನಮಗೆಲ್ಲ ಮನದಟ್ಟಾಯಿತು.

ಆಸ್ಪತ್ರೆ ಎದುರಿನ ಟೈಲರ್ ಅಣ್ಣನನ್ನು ಮರೆಯಲಾರೆ. ನಮ್ಮ ಟೇಪುಗಳನ್ನು ತನ್ನ ಮೇಜಿನ ಮೇಲಿದ್ದ ಸ್ಟೀಲ್ ಅಳತೆಪಟ್ಟಿಯ ಪಕ್ಕ ಹಾಸಿ, ಹಳೆಯ ಬಟ್ಟೆಯ ಟೇಪು ಎಳೆದೆಳೆದು ಎಷ್ಟು ಉದ್ದವಾಗಿದೆ ಎಂದು ಕಣ್ಣಿಗೆ ತೋರಿಸಿದವರು ಅವರೇ. ಹಿಗ್ಗದ ಟೇಪುಗಳನ್ನು ತರಿಸಿಕೊಟ್ಟರು, ಲಾಭ ಇಟ್ಟುಕೊಳ್ಳಲಿಲ್ಲ. ಆಶಾ ಅಕ್ಕಂದಿರೇ, ಮೂವತ್ತು ದಾಟಿದವರ ಸಮೀಕ್ಷೆಯ ನಮೂನೆಯಲ್ಲಿ ಸುತ್ತಳತೆ ಬರೆಯುವವರು ನೀವು. ಸೀರೆಯ ನೆರಿಗೆಯ ಮೇಲೆ ಟೇಪು ಸುತ್ತಿದರೆ ಅಳತೆ ತಪ್ಪುತ್ತದೆ ಎಂದು ಒಪ್ಪಿ, ಒಬ್ಬರಿಗೊಬ್ಬರು ಅಳೆದುಕೊಂಡು ಕಲಿತಿರಿ: ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ.

ಇನ್ನು ನಮ್ಮಲ್ಲಿಗೆ ಚಿಕಿತ್ಸೆಗೆ ಬರುವ ಆ ಅಕ್ಕನ ಮಾತು. ಹೆಸರು ಬೇಡ ಎಂದಿದ್ದಾರೆ. ಮೂರನೇ ತಂಡದ ದಿನ ಅವರು ನಮ್ಮೆದುರು ಕುರ್ಚಿಯಲ್ಲಿ ಕುಳಿತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹತ್ತು ನಿಮಿಷ ಮಾತನಾಡಿದರು. "ಮಂಡಿನೋವೆಂದು ಬಂದಿದ್ದೆ. ತೂಕದ ಯಂತ್ರ ವರಾಂಡದಲ್ಲಿತ್ತು. ನನ್ನ ತೂಕ ಕೂಗಿ ಹೇಳಿದರು. ಸಾಲಿನಲ್ಲಿ ನನ್ನ ಬೀಗರು ನಿಂತಿದ್ದರು." ಅಲ್ಲಿಂದ ಎರಡು ವರ್ಷ ಅವರು ಆಸ್ಪತ್ರೆಯ ಕಡೆ ಮುಖ ಹಾಕಲಿಲ್ಲ. ಮತ್ತೆ ಬಂದಾಗ ಕಾಲಿನಲ್ಲಿ ಮಾಯದ ಗಾಯ, ರಕ್ತದಲ್ಲಿ ಏರಿದ ಸಕ್ಕರೆ.

ಅಂದು ಕೂಗಿ ಹೇಳಿದ್ದು ನಾನೇ. ಅಕ್ಕನಿಗೆ ಅದು ಗೊತ್ತಿತ್ತು, ಆದರೂ ಸಭೆಯಲ್ಲಿ ನನ್ನತ್ತ ಬೆರಳು ಮಾಡಲಿಲ್ಲ. ಊಟದ ಹೊತ್ತಿಗೆ ನಾನೇ ಎದ್ದು ನಿಂತು ಎಲ್ಲರೆದುರು ಕ್ಷಮೆ ಕೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಗೆ ತೂಕ ಹೆಚ್ಚಿದೆ. ಅವರಲ್ಲಿ ಎಷ್ಟು ಮಂದಿಯನ್ನು ನಮ್ಮಂಥವರ ನಾಲಿಗೆ ಬಾಗಿಲಿನಿಂದಲೇ ಹಿಂದೆ ಕಳಿಸಿತೋ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅಕ್ಕ ಮಾತನಾಡಿದ ಮೇಲೆ ನಮ್ಮ ಪಾಠದ ಮೊದಲ ಸಾಲೇ ಬದಲಾಯಿತು. "ನಿಮ್ಮ ತೂಕದ ಬಗ್ಗೆ ಮಾತನಾಡಬಹುದೇ?" ಎಂದು ಅಪ್ಪಣೆ ಕೇಳದೆ ಈಗ ಯಾರೂ ಶುರು ಮಾಡುವುದಿಲ್ಲ. ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಯಿಂದಲೇ ತೂಕ ಏರುತ್ತಿದೆಯೇ ಎಂದು ವಿಚಾರಿಸುತ್ತೇವೆ. ಶೇ 5ರಷ್ಟು ತೂಕ ಇಳಿದರೂ ಸಕ್ಕರೆ, ರಕ್ತದೊತ್ತಡ ಸುಧಾರಿಸುತ್ತವೆ ಎಂದು ಧೈರ್ಯ ಹೇಳುತ್ತೇವೆ.

ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಪಟ್ಟಿಗಾಗಿ ಮೂರು ಬಾರಿ ಪತ್ರ ಬರೆದ ನಮ್ಮ ಫಾರ್ಮಸಿ ಅಧಿಕಾರಿಗೂ ಧನ್ಯವಾದ. ಪಟ್ಟಿ ಬಂದಿದೆ.

ಅಕ್ಕ, ಮುಂದಿನ ಮಂಗಳವಾರ ನಿಮ್ಮ ಸರದಿ. ತೂಕದ ಯಂತ್ರವನ್ನು ಒಳಗಿನ ಕೋಣೆಗೆ ತಂದು ಪರದೆ ಕಟ್ಟಿಸಿದ್ದೇವೆ. ಕಿಟಕಿಯ ಪಕ್ಕ ಕೈಯಿಲ್ಲದ ಅಗಲವಾದ ಬೆಂಚೂ ಇದೆ. ಬನ್ನಿ.