ಆರು ತುಂಬದ ಮಕ್ಕಳಿಗೂ ಪ್ರಾಸದ ಪುಸ್ತಕ ಬೇಕು

ಮಾನ್ಯರೆ,

ಮಕ್ಕಳ ಓದಿನ ಬಗ್ಗೆ ಚರ್ಚೆ ನಡೆದಾಗಲೆಲ್ಲ ಮಾತು ಒಂದನೇ ತರಗತಿಯಿಂದಲೇ ಶುರುವಾಗುತ್ತದೆ. ಅಕ್ಷರ ಬಾರದ ಮೂರು, ನಾಲ್ಕು ವರ್ಷದವರನ್ನು ಓದುಗರ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯಾದ ನಾನು ದಿನವೂ ಕಾಣುವುದು ಬೇರೆಯೇ.

ಕಳೆದ ಅವರೆಕಾಯಿ ಕಾಲದಲ್ಲಿ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಗೆ ಚಿತ್ರ ಬರೆದು, ದಾರದಿಂದ ಹೊಲಿದು ಒಂದು ಪುಸ್ತಕ ಮಾಡಿದೆ. ಒಡಹುಟ್ಟಿದ ಮೂರು ಅಳಿಲುಗಳು ಹಿತುಕಿದ ಬೇಳೆ ಸಾರು ಮಾಡುವ ಕಥೆ:

ಅಕ್ಕ ಅಳಿಲು ಅವರೆ ಸುಲಿಯಿತು,
ಚಿಕ್ಕ ಅಳಿಲು ಸಿಪ್ಪೆ ಗುಡಿಸಿತು,
ನಡುವಿನಳಿಲು ನೀರು ಸುರಿಯಿತು,
ಗಡಿಗೆ ತುಂಬ ಕಾಳು ನೆನೆಯಿತು.

ಪಕ್ಕದ ಕೋಣೆಯಲ್ಲಿ ಸಹಾಯಕಿ ಒಗ್ಗರಣೆ ಹಾಕುವ ಹೊತ್ತಿಗೆ ಇದನ್ನು ಓದುತ್ತೇನೆ. ಸಾಲುಗಳು ಬಹುಬೇಗ ಮಕ್ಕಳಿಗೆ ಬಾಯಿಪಾಠವಾದವು. ಒಂದು ದಿನ ಎರಡು ಹಾಳೆ ಅಂಟಿಕೊಂಡು, ಸುಲಿದ ಕಾಳು ನೇರವಾಗಿ ಒಲೆಗೆ ಹೋಯಿತು. ನಾಲ್ಕು ವರ್ಷದ ಹುಡುಗಿಯೊಬ್ಬಳು ನನ್ನ ಕೈ ಹಿಡಿದು ನಿಲ್ಲಿಸಿ, ‘ಕಾಳು ಇನ್ನೂ ನೆನೆದೇ ಇಲ್ಲ’ ಎಂದಳು. ಅವಳಿಗೆ ಒಂದಕ್ಷರವೂ ಬಾರದು. ಆದರೆ ಮುಂದೇನು ಬರಬೇಕೆಂಬುದು ಗೊತ್ತು. ಇದು ಓದಲ್ಲದೆ ಇನ್ನೇನು? ಒತ್ತಿದ ಕೂಡಲೇ ಸಿಪ್ಪೆಯಿಂದ ಬೇಳೆ ಚಿಮ್ಮುವ ಪುಟ ಬಂದರೆ ಎಲ್ಲರ ಹೆಬ್ಬೆರಳು, ತೋರುಬೆರಳುಗಳೂ ಗಾಳಿಯಲ್ಲೇ ಹಿತುಕುತ್ತವೆ. ನಾಳೆ ಬಳಪ ಹಿಡಿಯಬೇಕಾದ ಬೆರಳುಗಳೂ ಅವೇ. ಸಿಪ್ಪೆ ಗುಡಿಸುವ ಚಿಕ್ಕ ಅಳಿಲಾಗಲು ಗಂಡುಮಕ್ಕಳೇ ಮುಗಿಬೀಳುತ್ತಾರೆ. ಅಡುಗೆಮನೆ ಎಂದೊಡನೆ ಸೆರಗು ಸಿಕ್ಕಿಸಿದ ಅಮ್ಮನನ್ನಷ್ಟೇ ಬರೆಯುವ ಚಿತ್ರಕಾರರು ಇದನ್ನು ಗಮನಿಸಬೇಕು.

ಪುಟಾಣಿಗಳಿಗೆ ಪ್ರಾಣಿ-ಪಕ್ಷಿಗಳ ಕಥೆ, ಪದ್ಯ ಹೇಳುವುದು ಕನ್ನಡಕ್ಕೇನೂ ಹೊಸತಲ್ಲ. ಮಳೆಯಲ್ಲಿ ಮನೆ ಕೊಚ್ಚಿಹೋದ ಕಾಗಕ್ಕ ಗುಬ್ಬಕ್ಕನ ಒಲೆಯ ಪಕ್ಕದಲ್ಲೇ ಮೈ ಬೆಚ್ಚಗೆ ಮಾಡಿಕೊಂಡದ್ದು. ಪಂಜೆ ಮಂಗೇಶರಾಯರು 1921ರಲ್ಲೇ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ರಾಜರತ್ನಂ ಅವರು ನಾಯಿಮರಿಯನ್ನೇ ಮಾತಿಗೆಳೆದು ತಿಂಡಿ ಬೇಕೆ ಎಂದು ಕೇಳಿದರು. ಈಗಿನ ಎಷ್ಟೋ ಪುಸ್ತಕಗಳಲ್ಲಿ ಚಿತ್ರ ಚೆನ್ನ, ಪದ್ಯ ಮಾತ್ರ ನಾಲಿಗೆಗೆ ತೊಡರುತ್ತದೆ. ಸಾಲಿನ ಕೊನೆಯಲ್ಲಿ ಪ್ರಾಸ ಕೂಡಿಸಿದರೆ ಸಾಲದು, ಮಾತ್ರೆಗಳ ನಡೆ ಚಪ್ಪಾಳೆಗೆ ಸಿಗಬೇಕು. ಕಥೆಯಲ್ಲಿ ಅಡುಗೆ ಮುಗಿದು ಉಣ್ಣುವ ಹೊತ್ತಿಗೆ ಒಗ್ಗಟ್ಟಿನ ಬಗ್ಗೆ ಉಪದೇಶದ ಪುಟವೊಂದು ಬಂದರಂತೂ ಮಕ್ಕಳು ಎದ್ದೇ ಹೋಗುತ್ತಾರೆ.

2020ರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಉಚಿತ ಸದಸ್ಯತ್ವ ಕೊಟ್ಟಿತು. ತುಂಬಾ ಒಳ್ಳೆಯ ಕೆಲಸ. ಆದರೆ ಅಂಗನವಾಡಿಗೆ ಬರುವವರು 3ರಿಂದ 6ರೊಳಗಿನವರು. ಪುಸ್ತಕ ಖರೀದಿಯಲ್ಲಿ ಇವರಿಗೂ ಒಂದು ಪಾಲು ತೆಗೆದಿಡಲಿ. ಪಂಚಾಯಿತಿ ವ್ಯಾಪ್ತಿಯ ಅಂಗನವಾಡಿಗಳಿಗೆ ಪುಸ್ತಕಗಳ ಪೆಟ್ಟಿಗೆಯೊಂದು ತಿಂಗಳಿಗೊಮ್ಮೆ ಸುತ್ತಿ ಬರಲಿ. ಹಾಳೆ ದಪ್ಪಗಿರಲಿ, ಅಕ್ಷರ ದೊಡ್ಡದಿರಲಿ. ಹರಿದುಹೋದ ಪುಸ್ತಕಕ್ಕೆ ಕಾರ್ಯಕರ್ತೆಯನ್ನು ಹೊಣೆ ಮಾಡಬಾರದು. ಆ ಭಯವಿದ್ದರೆ ಪುಸ್ತಕ ಬೀರುವಿನಿಂದ ಹೊರಗೇ ಬರುವುದಿಲ್ಲ. ಆಯ್ಕೆ ಸಮಿತಿಯವರು ಪಟ್ಟಿ ಅಂತಿಮಗೊಳಿಸುವ ಮೊದಲು ಯಾವುದಾದರೂ ಅಂಗನವಾಡಿಗೆ ಬಂದು, ನೆಲದ ಮೇಲೆ ಕುಳಿತು, ಪ್ರತಿ ಪುಸ್ತಕವನ್ನೂ ಮಕ್ಕಳೆದುರು ಗಟ್ಟಿಯಾಗಿ ಓದಿ ನೋಡಲಿ.

– ಅಂಗನವಾಡಿ ಕಾರ್ಯಕರ್ತೆ, ತಿ. ನರಸೀಪುರ ತಾಲ್ಲೂಕು